ಅಕ್ಕಯ್ಯನ ಕಣ್ಣು

ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಗುವುದು ಲೋಕಸಾಮಾನ್ಯವಾದ ಸಂಗತಿಯಷ್ಟೆ. ಅದನ್ನು ಕುರಿತು ಬರೆಯತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಆ ಉದಾಸೀನದ ಫಲವಾಗಿ ನಮ್ಮ ಮನೆಯಲ್ಲಿ ಒಂದು ಕಣ್ಣು ಹೋಯಿತು. ಮತ್ತೊಂದು ಕಣ್ಣು ಕೂದಲೆಳೆಯಷ್ಟರಲ್ಲಿ ಉಳಿಯಿತು. ಈ ಎರಡು ಕಣ್ಣುಗಳ ವೃತ್ತಾಂತವನ್ನು ಇದ್ದದ್ದು ಇದ್ದಂತೆ ಗೃಹಸ್ಥರ ಮುಂದಿಡುವುದು ನಮ್ಮ ಕರ್ತವ್ಯವೆಂದು ತೋರಿದುದರಿಂದ ಲೇಖನಿಯನ್ನು ಹಿಡಿದಿದ್ದೇವೆ. ನಾವು ವೈದ್ಯರಲ್ಲ. ಹನೂರು, ಕೊಳ್ಳೇಗಾಲಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಸಂಸ್ಕೃತಗಳ ಪಾಠ ಹೇಳಿ ನಿವೃತ್ತರಾದವರು. ಡಾಕ್ಟರುಗಳಿಂದ ಕೇಳಿ ತಿಳಿದುದನ್ನೂ ಕಣ್ಣಾರೆ ಕಂಡುದನ್ನೂ ಮಾತ್ರ ಇಲ್ಲಿ ಹೇಳುತ್ತೇವೆ.

ನಮ್ಮ ಅಕ್ಕಯ್ಯನವರು ನಮಗಿಂತ ಹದಿನಾಲ್ಕು ವರ್ಷ ಹಿರಿಯರು. ತಾಯಿಯವರು ಬೇಗನೆ ತೀರಿಕೊಂಡುದರಿಂದ ನಮ್ಮನ್ನು ಎತ್ತಿ ಆಡಿಸಿದವರೂ, ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದವರೂ ಅವರೇ. ಮದುವೆಯಾಗಿ ಯಳಂದೂರು ಸೇರಿದರು. ಸಂಚಿ ಹೊನ್ನಮ್ಮನ ಊರಿಗೆ ಸೊಸೆಯಾಗಿ ಬಂದೆನೆಂಬ ಅಭಿಮಾನ ಅವರಿಗೆ ಬಹಳ. ‘ಹದಿಬದೆಯ ಧರ್ಮ’ದ ಸಾಂಗತ್ಯಗಳು ಎಷ್ಟೋ ಬಾಯಿಗೆ ಬರುತ್ತವೆ. ಮಧ್ಯಾಹ್ನ ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು ಕುಮಾರವ್ಯಾಸಭಾರತವನ್ನು ಓದುವುದು, ಧನುರ್ಮಾಸ ಬಂದಿತೆಂದರೆ ಬೆಳಕು ಹರಿಯುವುದಕ್ಕೆ ಮುಂಚೆ ಬಾಗಿಲ ಮುಂದೆ ದೊಡ್ಡ ಚುಕ್ಕಿಯ ರಂಗವಲ್ಲಿಯನ್ನು ಬಿಡಿಸುವುದು, ಇವೆರಡು ಅವರ ಜೀವನದ ಮುಖ್ಯ ಸಂತೋಷಗಳು. ಎರಡಕ್ಕೂ ಕಣ್ಣೇ ಆಧಾರವೆಂಬುದನ್ನು ಹೇಳಬೇಕಾದುದಿಲ್ಲ.

2022ನೆಯ ಇಸವಿಯ ಆರಂಭದಲ್ಲಿ ನಾವು ಯಳಂದೂರಿಗೆ ಹೋಗಿದ್ದಾಗ ಅಕ್ಕಯ್ಯನವರು ರವಿಕೆಗೆ ಗುಂಡಿ ಹಚ್ಚುತ್ತ ಕುಳಿತಿದ್ದರು. “ನೋಡೋ, ಸೂಜಿಗೆ ದಾರ ಪೋಣಿಸೋಣವೆಂದು ಬಲಗಣ್ಣು ಮುಚ್ಚಿಕೊಂಡರೆ ಸೂಜಿಯೇ ಬಳುಕಿದ ಹಾಗೆ ಕಾಣುತ್ತದೆ. ಎರಡೂ ಕಣ್ಣು ತೆರೆದರೆ ಸರಿಯಾಗಿಯೇ ಇದೆ” ಎಂದರು. ನಾವು ಪಂಡಿತರಲ್ಲವೆ! “ಪೊರೆ ಕಟ್ಟುತ್ತಿರಬೇಕು ಅಕ್ಕಯ್ಯ; ಅದು ಬಲಿಯಲಿ, ಆಮೇಲೆ ತೆಗೆಸೋಣ” ಎಂದು ಸಮಾಧಾನ ಹೇಳಿ, ಕಾಫಿ ಕುಡಿದು ಕೊಳ್ಳೇಗಾಲಕ್ಕೆ ಹಿಂದಿರುಗಿದೆವು. ಅವರು ಒಂದು ಅಂಗಡಿಯಲ್ಲಿ ಕನ್ನಡಕವನ್ನು ಬದಲಾಯಿಸಿಕೊಂಡರು. ಅದರಿಂದ ಗುಣವಾಗಲಿಲ್ಲ. ಬೇಸಿಗೆ ಕಳೆಯಲಿ ಎಂದರು. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದರು. ಹೀಗೆ ಐದು ತಿಂಗಳು ಸಂದುವು. ಕಡೆಗೆ ಮೈಸೂರಿನ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ, “ಇದು ಪೊರೆಯಲ್ಲ. ಎಡಗಣ್ಣಿನ ಪರದೆಯ ಕೆಳಗೆ ನೆತ್ತರು ಸುರಿದು, ಆರಿ, ಗಾಯದ ಕಲೆಯಾಗಿ ನಿಂತಿದೆ. ಈ ಕಣ್ಣಿನ ನಡುವಣ ದೃಷ್ಟಿಯನ್ನು ಮರಳಿ ತರುವುದು ಸಾಧ್ಯವಿಲ್ಲ. ಮೊದಲ ವಾರಗಳಲ್ಲಿಯೇ ಬಂದಿದ್ದರೆ ಪ್ರಯತ್ನಿಸಬಹುದಾಗಿತ್ತು” ಎಂದರು. ‘ಬಲಿಯಲಿ’ ಎಂದ ನಮ್ಮ ಮಾತು ಆಗ ನಮ್ಮ ಕಿವಿಯಲ್ಲಿಯೇ ಮೊಳಗಿತು. ಅಕ್ಕಯ್ಯನವರು ಮಾತ್ರ ಏನನ್ನೂ ಅನ್ನಲಿಲ್ಲ.

ನಮ್ಮಂಥವರು ಈ ತಪ್ಪನ್ನು ಮಾಡುವುದಕ್ಕೆ ಒಂದು ಕಾರಣವುಂಟು. ನಮ್ಮ ನಾಡಿನಲ್ಲಿ ಕಣ್ಣಿನ ರೋಗವೆಂದರೆ ಪೊರೆಯೆಂದೇ ರೂಢಿ. 1896ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಮಿಂಟೋ ಎಂಬ ಹೆಸರನ್ನು ಪಡೆದ ಕಣ್ಣಾಸ್ಪತ್ರೆಯಿಂದ ಮೊದಲುಗೊಂಡು, ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಶಿಬಿರಗಳವರೆಗೆ, ಪೊರೆ ತೆಗೆಸಿಕೊಂಡು ಬೆಳಕು ಕಂಡವರು ಅಸಂಖ್ಯರು. ಅದು ಮಹದುಪಕಾರವೇ ಸರಿ. ಆದರೆ ಪೊರೆಗೆ ಅವಸರವಿಲ್ಲ; ಆರು ತಿಂಗಳು ತಡೆದು ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುವುದು. ಆ ನಿಶ್ಚಿಂತೆಯನ್ನು ನಾವು ಕಣ್ಣಿನ ಎಲ್ಲ ರೋಗಗಳಿಗೂ ಅನ್ವಯಿಸಿಬಿಟ್ಟೆವು. ಅಕ್ಕಯ್ಯನವರಿಗೆ ಬಂದ ರೋಗದಲ್ಲಿ ಲೆಕ್ಕವಿರುವುದು ತಿಂಗಳಿನದಲ್ಲ, ದಿವಸದ್ದು.

ಈ ರೋಗದ ಸ್ವರೂಪವನ್ನು ನಮಗೆ ತಿಳಿದಮಟ್ಟಿಗೆ ವಿವರಿಸುತ್ತೇವೆ. ಕಣ್ಣಿನ ಹಿಂಗೋಡೆಗೆ ಒಳಗಡೆಯಿಂದ ಅಂಟಿಕೊಂಡಿರುವ ತೆಳುವಾದ ಪರದೆಗೆ ಅಕ್ಷಿಪಟಲವೆಂದು ಹೆಸರು. ನಾವು ಕಾಣುವುದೆಲ್ಲ ಮೂಡುವುದು ಅದರ ಮೇಲೆ. ಅದರ ನಡುವೆ, ಅಡ್ಡಳತೆ ಸುಮಾರು ಐದು ಮಿಲಿಮೀಟರಿನಷ್ಟಿರುವ ಒಂದು ಸ್ಥಳವುಂಟು; ಡಾಕ್ಟರುಗಳು ಮ್ಯಾಕ್ಯುಲಾ ಎನ್ನುತ್ತಾರೆ. ಅಕ್ಷರ ಓದುವುದು, ಮುಖದ ಗುರುತು ಹಿಡಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲವೂ ಅದರ ಕೆಲಸ. ಸುಶ್ರುತಾಚಾರ್ಯರು ದೃಷ್ಟಿಯ ಪ್ರಮಾಣವನ್ನು ಮಸೂರದಳದಷ್ಟೆಂದು ಹೇಳಿದ್ದಾರೆ. ಅವರು ಹೇಳಿದುದು ಈ ಭಾಗವನ್ನಲ್ಲ; ಆದರೂ ಒಂದು ಚನ್ನಂಗಿ ಬೇಳೆಯಷ್ಟೇ ಜಾಗವನ್ನು ನಂಬಿಕೊಂಡು ನಮ್ಮ ಓದು ಬರಹವೆಲ್ಲ ನಡೆಯುತ್ತಿದೆಯೆಂದು ನೆನಪಿಟ್ಟುಕೊಳ್ಳುವುದಕ್ಕೆ ಈ ಹೋಲಿಕೆ ಒಳ್ಳೆಯದು.

ವಯಸ್ಸಾದಂತೆ ಕೆಲವರಿಗೆ ಈ ಸ್ಥಳದ ಅಡಿಯಲ್ಲಿ ಹಳದಿಯ ಕಶ್ಮಲವು ಚುಕ್ಕೆಚುಕ್ಕೆಯಾಗಿ ಸೇರಿಕೊಳ್ಳುತ್ತದೆ. ಅದು ಒಣಗಿದ ಬಗೆಯದಾದರೆ ದೃಷ್ಟಿ ಮೆಲ್ಲಮೆಲ್ಲನೆ ಸವೆಯುವುದು. ಮತ್ತೊಂದು ಬಗೆಯಲ್ಲಿ ಅಕ್ಷಿಪಟಲದ ಕೆಳಗಣ ಪದರದಿಂದ ಹೊಸ ರಕ್ತನಾಳಗಳು, ಹಳೆಯ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಹುಟ್ಟುವಂತೆ, ಮೇಲಕ್ಕೆ ತೂರಿಬರುತ್ತವೆ. ಅವು ಬಲಹೀನವಾದ ನಾಳಗಳು. ಅವುಗಳಿಂದ ನೀರು ಒಸರುವುದು, ಒಮ್ಮೊಮ್ಮೆ ಒಡೆದು ನೆತ್ತರು ಸುರಿಯುವುದು. ನಮ್ಮ ಏಷ್ಯಾಖಂಡದ ಜನರಲ್ಲಿ ಈ ನಾಳಗಳ ತುದಿ ದ್ರಾಕ್ಷಿಯ ಗೊಂಚಲಿನಂತೆ ಉಬ್ಬಿ ಹೆಚ್ಚಾಗಿ ನೆತ್ತರು ಸುರಿಸುವ ಒಂದು ಪ್ರಭೇದವು ಪಾಶ್ಚಾತ್ಯರಲ್ಲಿಗಿಂತ ಅಧಿಕವಂತೆ. ಪರದೆಯ ಕೆಳಗೆ ನಿಂತ ನೆತ್ತರು ಮೂರು ವಿಧದಲ್ಲಿ ಕೇಡು ಮಾಡುತ್ತದೆ. ಪರದೆಗೆ ಕೆಳಗಿನಿಂದ ಬರುವ ಪೋಷಣೆಯನ್ನು ತಡೆಯುವುದು ಒಂದು. ನೆತ್ತರಿನೊಳಗಣ ಕಬ್ಬಿಣದ ಅಂಶವು ಸೂಕ್ಷ್ಮಕಣಗಳಿಗೆ ವಿಷವಾಗುವುದು ಎರಡು. ಹೆಪ್ಪುಗಟ್ಟಿದ ನೆತ್ತರಿನ ಎಳೆಗಳು ಕುಗ್ಗುವಾಗ ಆ ಕಣಗಳನ್ನು ಕಿತ್ತೆಳೆಯುವುದು ಮೂರು. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಹಾನಿಯು ಒಂದು ದಿನದಲ್ಲಿಯೇ ಮೊದಲಾಗುವುದನ್ನು ಕಂಡಿದ್ದಾರೆ. ಇಷ್ಟಾದರೂ ಕಣ್ಣಿಗೆ ನೋವಿಲ್ಲ, ಹೊರಗೆ ಕೆಂಪಿಲ್ಲ! ನೋವಿಲ್ಲದಿರುವುದರಿಂದಲೇ ಮನೆಯವರು ಮೋಸಹೋಗುವುದು.

ಎಡಗಣ್ಣು ಹೋದ ಮೇಲೆ ಡಾಕ್ಟರು ನಮಗೆ ಒಂದು ಪಾಠವನ್ನು ಹೇಳಿಕೊಟ್ಟರು. ಒಂದು ಕಣ್ಣಿಗೆ ಬಂದ ಈ ರೋಗ ಇನ್ನೊಂದಕ್ಕೂ ಬರುವ ಸಂಭವ ಹೆಚ್ಚು. ಆದುದರಿಂದ ಪ್ರತಿದಿನವೂ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮತ್ತೊಂದು ಕಣ್ಣಿನಿಂದ ಚೌಕಗಳ ಪಟವೊಂದನ್ನು ನೋಡಬೇಕು. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಎಂಬ ವೈದ್ಯರು 1940ರ ದಶಕದಲ್ಲಿ ಬಳಕೆಗೆ ತಂದ ಪಟವಿದು. ಹತ್ತು ಸೆಂಟಿಮೀಟರಿನ ಚೌಕ. ಅದರೊಳಗೆ ಐದೈದು ಮಿಲಿಮೀಟರಿಗೊಂದು ಗೆರೆ. ನಟ್ಟನಡುವೆ ಒಂದು ಚುಕ್ಕೆ. ಓದುವ ಕನ್ನಡಕವನ್ನು ಹಾಕಿಕೊಂಡು ಒಂದಡಿಯ ದೂರದಲ್ಲಿ ಹಿಡಿದು ಚುಕ್ಕೆಯನ್ನೇ ನೋಡುತ್ತಿರುವಾಗ ಯಾವ ಗೆರೆಯೂ ಬಾಗಬಾರದು, ಯಾವ ಚೌಕವೂ ಮಾಯವಾಗಬಾರದು. ನಾವು ಮೇಷ್ಟರಾದುದರಿಂದ ಅಳತೆಕೋಲು ಹಿಡಿದು ಲೆಕ್ಕದ ಪುಸ್ತಕದ ಹಾಳೆಯಲ್ಲಿ ಅದನ್ನು ಬರೆದು ಅಕ್ಕಯ್ಯನವರ ದೇವರಮನೆಯ ಬಾಗಿಲಿಗೆ ಅಂಟಿಸಿ ಬಂದೆವು. “ಇದೇನೋ, ಚುಕ್ಕಿ ಇಲ್ಲದ ರಂಗೋಲಿ!” ಎಂದು ಅವರು ನಕ್ಕರು.

2023ರ ಧನುರ್ಮಾಸದ ಒಂದು ಮುಂಜಾನೆ ಆರು ಗಂಟೆಗೆ ಅವರ ಮಗನಿಂದ ದೂರವಾಣಿ ಬಂದಿತು. “ಮಾವ, ಅಮ್ಮ ರಂಗೋಲಿ ಹಾಕುತ್ತಿದ್ದವರು ನಡುವಿನ ಚುಕ್ಕಿಗಳೇ ಕಾಣುತ್ತಿಲ್ಲ ಎನ್ನುತ್ತಿದ್ದಾರೆ. ಬಾಗಿಲಿನ ಪಟದಲ್ಲಿಯೂ ಮಧ್ಯಕ್ಕೆ ಮಸಿ ಚೆಲ್ಲಿದ ಹಾಗಿದೆಯಂತೆ. ಹಬ್ಬ ಕಳೆದ ಮೇಲೆ ಹೋದರೆ ಆದೀತೆ?” ಎಂದು ಕೇಳಿದನು. ಸಂಕ್ರಾಂತಿಗೆ ಇನ್ನೂ ಎರಡು ವಾರವಿತ್ತು. ನಮ್ಮ ಕೈ ನಡುಗಿತು. “ಈಗಲೇ ಹೊರಡಿಸಪ್ಪ, ನಾವು ನೇರವಾಗಿ ಮೈಸೂರಿಗೆ ಬರುತ್ತೇವೆ” ಎಂದೆವು. ಮಧ್ಯಾಹ್ನದೊಳಗೆ ಅಕ್ಕಯ್ಯನವರು ಅದೇ ಡಾಕ್ಟರ ಮುಂದೆ ಕುಳಿತಿದ್ದರು.

ಪಾಪೆ ಅರಳುವ ಔಷಧ ಹಾಕಿದರು. ಬೆಳಕಿನಿಂದ ಪರದೆಯ ಪದರಗಳನ್ನು ಕತ್ತರಿಸಿ ತೋರಿಸಿದಂತೆ ಚಿತ್ರ ತೆಗೆಯುವ ಯಂತ್ರದ ಮುಂದೆ ಕೂರಿಸಿದರು. ತೋಳಿನ ನಾಳಕ್ಕೆ ಬಣ್ಣದ ಮದ್ದನ್ನು ಹಾಕಿ ಸೋರುವ ನಾಳ ಯಾವುದೆಂದು ಹುಡುಕಿದರು. ನೆತ್ತರು ದಪ್ಪನಾಗಿ ನಡುಮಧ್ಯವನ್ನೇ ಆವರಿಸಿತ್ತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮೂರು ಮಾರ್ಗಗಳನ್ನು ವಿವರಿಸಿದರು. ನೆತ್ತರು ಸ್ವಲ್ಪವೂ ತೆಳುವೂ ಆಗಿದ್ದರೆ ಹೊಸ ನಾಳಗಳನ್ನು ಬಾಡಿಸುವ ಸೂಜಿಮದ್ದೊಂದೇ ಸಾಕು. ಹೆಚ್ಚಾಗಿದ್ದರೆ ಅದರ ಜೊತೆಗೆ ಹೆಪ್ಪನ್ನು ಕರಗಿಸುವ ಔಷಧವನ್ನೂ ಒಂದು ಗುಳ್ಳೆ ಅನಿಲವನ್ನೂ ಕಣ್ಣಿನೊಳಕ್ಕೆ ಬಿಟ್ಟು, ಗುಳ್ಳೆಯ ಒತ್ತಡದಿಂದ ನೆತ್ತರನ್ನು ನಡುವಿನಿಂದ ಬದಿಗೆ ಸರಿಸುವುದು. ಇನ್ನೂ ಹೆಚ್ಚಾದರೆ ಶಸ್ತ್ರಕ್ರಿಯೆಯಿಂದ ಕಣ್ಣಿನೊಳಗಣ ಲೋಳೆಯನ್ನು ತೆಗೆದು ಪರದೆಯ ಅಡಿಗೇ ಔಷಧವನ್ನು ಬಿಡುವುದು. ಎರಡನೆಯದಕ್ಕಿಂತ ಮೂರನೆಯದು ಮೇಲೆಂದು ನಿಶ್ಚಯವಾಗಿ ಹೇಳಲಾಗದು. 2023ರಲ್ಲಿ ಪ್ರಕಟವಾದ ಫ್ರಾನ್ಸ್ ದೇಶದ ಒಂದು ಪರೀಕ್ಷೆಯಲ್ಲಿ ಇವೆರಡಕ್ಕೂ ಫಲದಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲವಂತೆ. ಯಾವುದಾದರೂ ಎರಡು ವಾರದೊಳಗೆ ನಡೆದರೆ ಒಳ್ಳೆಯದು, ಒಂದು ವಾರದೊಳಗಾದರೆ ಇನ್ನೂ ಒಳ್ಳೆಯದು. “ಪೂರ್ಣವಾಗಿ ಸರಿಯಾಗುವುದೆಂದು ಮಾತು ಕೊಡಲಾರೆ, ಸುಮ್ಮನಿದ್ದರೆ ಎಡಗಣ್ಣಿನ ಗತಿಯೇ ಇದಕ್ಕೂ ಆಗುವುದೆಂದು ಹೇಳಬಲ್ಲೆ” ಎಂದರು. ಎರಡನೆಯ ಮಾರ್ಗಕ್ಕೆ ಅಕ್ಕಯ್ಯನವರು ಒಪ್ಪಿಕೊಂಡರು.

ಈ ಔಷಧಗಳ ಚರಿತ್ರೆ ಕೌತುಕವಾದುದು. 1980ರ ದಶಕದಲ್ಲಿ ಲೇಸರ್ ಕಿರಣದಿಂದ ನಾಳವನ್ನು ಸುಡುತ್ತಿದ್ದರು. ಅದರಿಂದ ಪರದೆಯೂ ಸುಟ್ಟು ಕಲೆ ಉಳಿಯುತ್ತಿತ್ತು. 1989ರಲ್ಲಿ ಅಮೆರಿಕಾದಲ್ಲಿ ಫೆರಾರಾ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ರಕ್ತನಾಳಗಳನ್ನು ಚಿಗುರಿಸುವ ಒಂದು ದ್ರವ್ಯವನ್ನು ಬೇರ್ಪಡಿಸಿದರು. ಅದನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಮದ್ದಿಗೆ 2004ರಲ್ಲಿ ಅನುಮತಿ ದೊರೆತುದು ಕರುಳಿನ ಅರ್ಬುದರೋಗಕ್ಕಾಗಿ! ಮರುವರ್ಷವೇ ಕಣ್ಣಿನ ವೈದ್ಯರು ಅದನ್ನು ಕಣ್ಣಿಗೆ ಉಪಯೋಗಿಸಿ ನೋಡಿದರು. ಕಣ್ಣಿಗೆಂದೇ ತಯಾರಿಸಿದ ರಾನಿಬಿಜುಮ್ಯಾಬ್ 2006ರಲ್ಲಿ ಬಂದಿತು. ಇವೆರಡನ್ನೂ ತೂಗಿ ನೋಡಿದ ಅಮೆರಿಕಾದ ದೊಡ್ಡ ಪರೀಕ್ಷೆಯ ಫಲ 2011ರಲ್ಲಿ ಹೊರಬಿದ್ದಾಗ ದೃಷ್ಟಿಯ ಮಟ್ಟಿಗೆ ಎರಡೂ ಸಮವೆಂದು ತಿಳಿಯಿತು. ಮೊದಲನೆಯದರ ಬೆಲೆ ಬಹಳ ಕಡಮೆ. ಆದುದರಿಂದ ಹಣದ ತಾಪತ್ರಯವುಳ್ಳವರು ಸಂಕೋಚಪಡದೆ ಡಾಕ್ಟರನ್ನು ಕೇಳತಕ್ಕದ್ದು. ಬೆಲೆಗೆ ಹೆದರಿ ಮನೆಯಲ್ಲಿ ಕುಳಿತುಕೊಳ್ಳಬಾರದು. ಹೆಪ್ಪನ್ನು ಕರಗಿಸುವ ಮದ್ದು ಹೃದಯಾಘಾತಕ್ಕೆಂದು ಹುಟ್ಟಿದುದು. 1990ರ ದಶಕದಲ್ಲಿ ಅದನ್ನು ಅನಿಲದ ಗುಳ್ಳೆಯೊಡನೆ ಕಣ್ಣಿಗೆ ಬಿಡುವ ಕ್ರಮವನ್ನು ಆಸ್ಟ್ರೇಲಿಯಾದ ಹೆರಿಯಟ್ ಎಂಬ ವೈದ್ಯರು ತೋರಿಸಿಕೊಟ್ಟರು.

ಕಣ್ಣಿಗೆ ಸೂಜಿ ಎಂದೊಡನೆ ಎಂಥವರಿಗೂ ಎದೆ ಝಲ್ಲೆನ್ನುವುದು. ಮೊದಲು ಔಷಧದ ಹನಿಗಳಿಂದ ಕಣ್ಣನ್ನು ಜೋಮುಗೊಳಿಸಿ, ಕ್ರಿಮಿಗಳು ಸೇರದಂತೆ ತೊಳೆದು, ಬಿಳಿಗುಡ್ಡೆಯ ಮೂಲಕ ಕೂದಲಿನಂಥ ಸೂಜಿಯಿಂದ ಮದ್ದನ್ನು ಬಿಡುತ್ತಾರೆ. ಒಂದು ಸಲದ ಸೂಜಿಮದ್ದು ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. “ಇರುವೆ ಕಚ್ಚಿದಷ್ಟೂ ಇಲ್ಲವೋ” ಎಂದು ಹೊರಗೆ ಬಂದು ಅಕ್ಕಯ್ಯನವರೇ ನಮಗೆ ಧೈರ್ಯ ಹೇಳಿದರು.

ಕಷ್ಟವಿದ್ದುದು ಆಮೇಲಿನ ದಿನಗಳಲ್ಲಿ. ಗುಳ್ಳೆ ಹಗುರವಾದುದರಿಂದ ಮೇಲಕ್ಕೇ ಹೋಗುವುದು. ಅದು ಕಣ್ಣಿನ ಹಿಂಗೋಡೆಯನ್ನು ಒತ್ತಬೇಕಾದರೆ ಮುಖ ನೆಲವನ್ನು ನೋಡುತ್ತಿರಬೇಕು. ಮೂರು ದಿನ ಅಕ್ಕಯ್ಯನವರು ಬೋರಲಾಗಿ ಮಲಗಿಯೋ, ಮೇಜಿನ ಮೇಲೆ ಹಣೆಯಿಟ್ಟು ಕುಳಿತೋ ಕಾಲ ಕಳೆಯಬೇಕಾಯಿತು. ಸೊಸೆ ದಿಂಬುಗಳನ್ನು ಒಟ್ಟಿ ಮುಖಕ್ಕೆ ಎಡೆ ಮಾಡಿಕೊಟ್ಟಳು. ನಾವು ಮಂಚದ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಭಾರತವನ್ನು ಓದಿದೆವು. ನಮ್ಮ ಉಚ್ಚಾರಣೆ ತಪ್ಪಿದ ಕಡೆ ಮಂಚದ ಮೇಲಿನಿಂದ ತಿದ್ದುಪಡಿ ಬರುತ್ತಿತ್ತು! ಮರಳಿನಲ್ಲಿ ಅಕ್ಷರ ತಿದ್ದಿಸಿದ ಕಾಲ ಮರಳಿ ಬಂದಂತಾಯಿತು.

ಎರಡನೆಯ ದಿನ ಅವರು, “ಗುಳ್ಳೆ ಕೆಳಗಡೆ ತೇಲುತ್ತಿದೆ, ಕಪ್ಪು ಮೋಡ ಮೇಲಕ್ಕೆ ಹೋಗಿದೆ; ಕೆಟ್ಟಿತೇನೋ” ಎಂದು ಗಾಬರಿಯಾದರು. ಡಾಕ್ಟರು ನಕ್ಕು, ಪರದೆಯ ಮೇಲೆ ಬಿಂಬವು ತಲೆಕೆಳಗಾಗಿ ಬೀಳುವುದರಿಂದ ಮೇಲಿರುವ ಗುಳ್ಳೆ ಕೆಳಗೆ ತೋರುವುದೆಂದೂ, ನೆತ್ತರು ಕೆಳಕ್ಕೆ ಜಾರಿದರೆ ಮೋಡ ಮೇಲೆ ತೋರುವುದೆಂದೂ, ಇದು ಶುಭಲಕ್ಷಣವೆಂದೂ ತಿಳಿಸಿದರು.

ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಒಂದು ವಿಷಯವುಂಟು. ಅಕ್ಕಯ್ಯನವರು ಬಿಳಿಗಿರಿರಂಗನಿಗೆ ಹರಕೆ ಹೊತ್ತಿದ್ದರು. ಆಸ್ಪತ್ರೆಯಿಂದ ನೇರವಾಗಿ ಬೆಟ್ಟಕ್ಕೆ ಹೋಗೋಣವೆಂದರು. ಡಾಕ್ಟರು ಕಟ್ಟುನಿಟ್ಟಾಗಿ ಬೇಡವೆಂದರು. ಬೆಟ್ಟದ ಎತ್ತರ ಸುಮಾರು 5,000 ಅಡಿ. ಮೇಲೆ ಹೋದಂತೆ ಗಾಳಿಯ ಒತ್ತಡ ತಗ್ಗಿ ಕಣ್ಣಿನೊಳಗಣ ಗುಳ್ಳೆ ಹಿಗ್ಗುವುದು. ಆಗ ಕಣ್ಣಿನ ಒತ್ತಡವೇರಿ ಉಳಿದ ದೃಷ್ಟಿಯೂ ನಂದಿಹೋಗಬಹುದು. ವಿಮಾನಪ್ರಯಾಣಕ್ಕೂ ಇದೇ ನಿಷೇಧ. ಗುಳ್ಳೆ ಕರಗಿತೆಂದು ವೈದ್ಯರು ಹೇಳುವವರೆಗೆ ಮಹದೇಶ್ವರನ ಬೆಟ್ಟಕ್ಕಾಗಲಿ ರಂಗನ ಬೆಟ್ಟಕ್ಕಾಗಲಿ ಹೋಗತಕ್ಕದ್ದಲ್ಲ. ಅಕ್ಕಯ್ಯನವರು ಹರಕೆಯನ್ನು ವೈಶಾಖದಲ್ಲಿ ತೀರಿಸಿದರು.

ಅನಂತರ ನಮ್ಮ ಸುತ್ತಿನಲ್ಲಿಯೇ ಇನ್ನಿಬ್ಬರನ್ನು ಕಂಡೆವು. ಕೊಳ್ಳೇಗಾಲದ ರೇಷ್ಮೆ ನೇಕಾರರೊಬ್ಬರು ಮಗ್ಗದ ಮೇಲೆ ಸೀರೆಯ ಅಂಚು ಬಾಗಿದಂತೆ ಕಂಡೊಡನೆ ಹಾಸಿನ ಎಳೆಗಳನ್ನು ಪರೀಕ್ಷಿಸಿದರು. ಎಳೆ ನೆಟ್ಟಗಿದ್ದುದರಿಂದ ತಪ್ಪು ಕಣ್ಣಿನದೆಂದು ಊಹಿಸಿ ಮೂರನೆಯ ದಿನವೇ ಆಸ್ಪತ್ರೆಗೆ ಹೋದರು. ಅವರಿಗೆ ನೆತ್ತರು ಆಗತಾನೆ ಒಸರುತ್ತಿತ್ತು, ಸೂಜಿಮದ್ದಿನಿಂದಲೇ ನಿಂತಿತು. ಈಗಲೂ ನೇಯುತ್ತಾರೆ, ಬೀಡಿಯನ್ನು ಮಾತ್ರ ಬಿಟ್ಟಿದ್ದಾರೆ, ಏಕೆಂದರೆ ಧೂಮಪಾನವು ಈ ರೋಗಕ್ಕೆ ಪರಮಮಿತ್ರ. ಹನೂರಿನಲ್ಲಿ ನಮ್ಮೊಡನೆ ಕೆಲಸ ಮಾಡಿದ್ದ ಶಾಲೆಯ ಜವಾನರೊಬ್ಬರು ಒಂದೂವರೆ ತಿಂಗಳು ಕಣ್ಣಿಗೆ ಸೊಪ್ಪಿನ ರಸ ಹಿಂಡಿಕೊಂಡು ಕುಳಿತಿದ್ದರು. ಸಾಲದುದಕ್ಕೆ, ನೆತ್ತರು ಸೋರುವುದಕ್ಕೆ ಇದೇ ಕಾರಣವೆಂದು ಹೃದಯಕ್ಕಾಗಿ ನುಂಗುತ್ತಿದ್ದ ಮಾತ್ರೆಯನ್ನು ತಾವೇ ನಿಲ್ಲಿಸಿಬಿಟ್ಟಿದ್ದರು. ಕಣ್ಣೂ ಉಳಿಯಲಿಲ್ಲ, ಎದೆನೋವೂ ಮರಳಿತು. ಅಂಥ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸಕೂಡದು.

ಅಕ್ಕಯ್ಯನವರ ಬಲಗಣ್ಣು ಮೊದಲಿನಂತೆ ಆಯಿತೆಂದು ಹೇಳಿದರೆ ಸುಳ್ಳಾದೀತು. ಮನುಷ್ಯರ ಮುಖ ಗುರುತಾಗುತ್ತದೆ, ದಪ್ಪಕ್ಷರವನ್ನು ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಓದುತ್ತಾರೆ, ಸಣ್ಣಕ್ಷರ ಆಗದು. ಸೂಜಿಮದ್ದು ಮೊದಲು ಮೂರು ತಿಂಗಳು ತಿಂಗಳಿಗೊಂದರಂತೆ, ಆಮೇಲೆ ಆರು ವಾರಕ್ಕೊಮ್ಮೆ, ಈಗ ಎಂಟು ವಾರಕ್ಕೊಮ್ಮೆ ನಡೆಯುತ್ತಿದೆ. ಗುಣವಾಯಿತೆಂದು ನಡುವೆ ಬಿಟ್ಟರೆ ನಾಳ ಮತ್ತೆ ಚಿಗುರುವುದು. ಪ್ರತಿಸಲವೂ ಸೂಜಿಯ ಮರುದಿನದಿಂದ ಕೆಲವು ದಿನ ಕಣ್ಣು ಕೆಂಪಾಗಿ ನೋಯುವುದೇ ಎಂದು ನೋಡಿಕೊಳ್ಳುತ್ತೇವೆ. ಒಳಗೆ ಕೀವಾಗುವುದು ಬಹು ವಿರಳವಾದರೂ ಆದರೆ ಅಪಾಯ, ಒಡನೆಯೇ ಓಡಬೇಕು.

ವಾಚಕರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಅವರಿಂದ ದಿನಕ್ಕೊಮ್ಮೆ ಒಂದೊಂದು ಕಣ್ಣನ್ನೇ ಮುಚ್ಚಿಸಿ ಕಿಟಕಿಯ ಸರಳುಗಳನ್ನಾದರೂ, ಲೆಕ್ಕದ ಪುಸ್ತಕದ ಚೌಕಗಳನ್ನಾದರೂ ನೋಡಿಸಿರಿ. ಗೆರೆ ಬಾಗಿದರೆ, ನಡುವೆ ಕಪ್ಪು ಕಂಡರೆ, ಹಬ್ಬ, ಕೊಯ್ಲು, ಪರೀಕ್ಷೆ ಯಾವುದನ್ನೂ ಕಾಯಬೇಡಿರಿ. ಕನ್ನಡಕದ ಅಂಗಡಿಗಲ್ಲ, ಅಕ್ಷಿಪಟಲವನ್ನು ಪರೀಕ್ಷಿಸಬಲ್ಲ ಡಾಕ್ಟರಲ್ಲಿಗೆ ಅಂದೇ ಹೋಗಿರಿ. ‘ಬಲಿಯಲಿ’ ಎಂಬ ಮಾತನ್ನು ಮಾವಿನಕಾಯಿಗೆ ಮೀಸಲಿಡಿರಿ.

ಕಳೆದ ಧನುರ್ಮಾಸದಲ್ಲಿ ಯಳಂದೂರಿಗೆ ಹೋದಾಗ ಬಾಗಿಲ ಮುಂದೆ ಐದು ಚುಕ್ಕಿಯ ಸಣ್ಣ ರಂಗವಲ್ಲಿಯಿತ್ತು. ಗೆರೆಗಳು ಅಷ್ಟು ನೆಟ್ಟಗಿರಲಿಲ್ಲ. ಹಾಕಿದವರು ಯಾರೆಂದು ಕೇಳಬೇಕಾಗಲಿಲ್ಲ. ಒಳಗೆ ಕಾಲಿಟ್ಟೊಡನೆ ಅಕ್ಕಯ್ಯನವರು ನಮ್ಮ ಕೈಹಿಡಿದು ದೇವರಮನೆಯ ಬಾಗಿಲಿನ ಪಟದ ಮುಂದೆ ನಿಲ್ಲಿಸಿದರು. ಈ ರೋಗ ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚೆಂದು ಡಾಕ್ಟರು ಹೇಳಿದುದನ್ನು ಅವರು ಮರೆತಿಲ್ಲ. “ಕಾಫಿ ಆಮೇಲೆ. ಮೊದಲು ಎಡಗಣ್ಣು ಮುಚ್ಚು” ಎಂದರು. ನಾವು ಮುಚ್ಚಿದೆವು.